ಪಾಡಂಗ್‌ಗೊಂದು ಅಳತೆ, ಉಡುಪಿಗೊಂದು ಅಳತೆ ಬೇಡ

2021ರ ಜನವರಿಯಲ್ಲಿ ಇಂಡೊನೇಷ್ಯಾದ ಪಾಡಂಗ್ ನಗರದ ಸರ್ಕಾರಿ ವೃತ್ತಿಶಿಕ್ಷಣ ಶಾಲೆಯೊಂದು ಕ್ರೈಸ್ತ ವಿದ್ಯಾರ್ಥಿನಿಯೊಬ್ಬಳಿಗೆ ತಲೆವಸ್ತ್ರ ಹಾಕಿಕೊಂಡು ಬರಬೇಕೆಂದು ಒತ್ತಾಯಿಸಿತು. ಹುಡುಗಿ ಒಪ್ಪಲಿಲ್ಲ. ತಂದೆಯನ್ನು ಶಾಲೆಗೆ ಕರೆಸಿದರು. ನಾವು ಮುಸ್ಲಿಮರಲ್ಲ, ನನ್ನ ಮಗಳು ಯಾಕೆ ಹಾಕಬೇಕು ಎಂದು ಅವರು ವಾದಿಸಿದ ವಿಡಿಯೊ ಆ ದೇಶದ ತುಂಬ ಹರಿದಾಡಿತು. 2005ರಲ್ಲಿ ಆ ನಗರದ ಮೇಯರ್ ಹೊರಡಿಸಿದ್ದ ಸೂಚನೆಯೊಂದು ಈ ಒತ್ತಾಯದ ಬೇರು.

ಅದಾಗಿ ವರ್ಷ ತುಂಬುವ ಹೊತ್ತಿಗೆ ನಮ್ಮ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಆರು ಮಂದಿ ಮುಸ್ಲಿಂ ವಿದ್ಯಾರ್ಥಿನಿಯರು ತಲೆವಸ್ತ್ರ ತೆಗೆಯಲೊಪ್ಪದೆ ತರಗತಿಯ ಹೊರಗೆ ಕೂತರು. 2022ರ ಫೆಬ್ರವರಿ 5ರಂದು ಸರ್ಕಾರದ ಸಮವಸ್ತ್ರ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತ ಒಂದು ಕಡೆ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಇನ್ನೊಂದು ಕಡೆ. ವಿಷಯ ವಿಸ್ತೃತ ಪೀಠಕ್ಕೆ ಎಂದು ಅಲ್ಲಿಗೆ ನಿಂತಿತು. ಹೊರಗೆ ಕೂತಿದ್ದ ಹುಡುಗಿಯರ ಪರೀಕ್ಷೆಯ ವರ್ಷ ಮಾತ್ರ ಯಾರಿಗೂ ಕಾಯಲಿಲ್ಲ.

ಇಂಡೊನೇಷ್ಯಾದಲ್ಲಿ ಮುಸ್ಲಿಮರು ಸುಮಾರು ಶೇ 87. 2011ರ ಜನಗಣತಿಯ ಪ್ರಕಾರ ಉಡುಪಿ ಜಿಲ್ಲೆಯಲ್ಲಿ ಹಿಂದೂಗಳು ಸುಮಾರು ಶೇ 86. ಒಂದು ಕಡೆ ಹಾಕಿಕೋ ಎಂದರು, ಇನ್ನೊಂದು ಕಡೆ ತೆಗೆ ಎಂದರು. ಎರಡು ಕಡೆಯೂ ಹೇಳಿದವರು ಹೆಚ್ಚಿನ ಸಂಖ್ಯೆಯವರು, ಕೇಳಬೇಕಾದವಳು ಕಡಿಮೆ ಸಂಖ್ಯೆಯವಳು. ಪಾಡಂಗ್‌ನಲ್ಲಿ ನಡೆದದ್ದು ಅನ್ಯಾಯ ಎಂದು ಹೇಳುವ ನನ್ನ ಹಿಂದೂ ಗೆಳೆಯರು ಉಡುಪಿಯಲ್ಲಿ ನಡೆದದ್ದನ್ನು ಶಿಸ್ತು ಎನ್ನುತ್ತಾರೆ. ಉಡುಪಿಯಲ್ಲಿ ನಡೆದದ್ದು ಅನ್ಯಾಯ ಎನ್ನುವ ನನ್ನ ಜಮಾತಿನವರಲ್ಲಿ ಎಷ್ಟೋ ಮಂದಿ ಪಾಡಂಗ್‌ನ ಸುದ್ದಿಯನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಈ ಲೇಖನ ಇಬ್ಬರಿಗೂ.

ನಾನು ಕಾಪುವಿನ ಬ್ಯಾರಿ. ಮನೆಯಲ್ಲಿ ಬ್ಯಾರಿ, ಮೀನು ಮಾರ್ಕೆಟ್ಟಿನಲ್ಲಿ ತುಳು, ಪಳ್ಳಿಯಲ್ಲಿ ಅರಬ್ಬಿ, ಬೆಳಗಿನ ಪತ್ರಿಕೆ ಕನ್ನಡ. ಉದ್ಯೋಗದ ಬಹುಕಾಲ ಕಳೆದದ್ದು ಕಾರ್ಪೊರೇಶನ್ ಬ್ಯಾಂಕಿನ ಉಡುಪಿ ಮತ್ತು ಕಾರ್ಕಳದ ಕೌಂಟರುಗಳಲ್ಲಿ. ನನ್ನ ಹಿರಿಯ ಮಗಳು ತಲೆವಸ್ತ್ರ ಹಾಕುತ್ತಾಳೆ, ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಾಳೆ. ಕಿರಿಯವಳು ಹಾಕುವುದಿಲ್ಲ, ಕಾರ್ಕಳದ ಕಡೆ ಮಕ್ಕಳಿಗೆ ಪಾಠ ಹೇಳುತ್ತಾಳೆ. ಒಂದೇ ತಾಯಿ ಹೆತ್ತ ಮಕ್ಕಳು. ಇಬ್ಬರೂ ಅವರವರೇ ನಿರ್ಧರಿಸಿದರು. ಸರ್ಕಾರವನ್ನೂ ಕೇಳಲಿಲ್ಲ, ಖತೀಬರನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ದೇಶ ಎಂದರೆ ಅವರಿಬ್ಬರಿಗೂ ಸಮನಾಗಿ ಸೇರಿದ್ದಾಗಿರಬೇಕು ಎಂಬುದಷ್ಟೇ ನನ್ನ ಆಸೆ.

ನೀವು ಮೊದಲು ಭಾರತೀಯರೋ ಮುಸ್ಲಿಮರೋ ಎಂಬ ಪ್ರಶ್ನೆಯನ್ನು ನಮ್ಮ ಕರಾವಳಿಯ ಮುಸ್ಲಿಮರು ಮೇಲಿಂದ ಮೇಲೆ ಎದುರಿಸುತ್ತಾರೆ. ಬಸ್ಸಿನಲ್ಲಿ, ಟಿ.ವಿ. ಚರ್ಚೆಯಲ್ಲಿ, ಕೆಲವೊಮ್ಮೆ ಬಾಡಿಗೆಗೆ ಮನೆ ಹುಡುಕುವಾಗ. ಇದಕ್ಕೆ ಉತ್ತರ ನನ್ನ ಬ್ಯಾಂಕಿನ ಚರಿತ್ರೆಯಲ್ಲೇ ಇದೆ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಆ ಬ್ಯಾಂಕು ಶುರುವಾಯಿತು. ಸ್ಥಾಪಕರು ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್. ಮೂಲ ಬಂಡವಾಳ 5000 ರೂಪಾಯಿ. ಮೊದಲ ದಿನ ಬಾಗಿಲು ಹಾಕುವ ಹೊತ್ತಿಗೆ ಕೈಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಹೊಸದಾಗಿ ಸೇರಿದ ಪ್ರತಿ ಸಿಬ್ಬಂದಿಗೂ ಹಿರಿಯರು ಈ ಲೆಕ್ಕ ಹೇಳುತ್ತಿದ್ದರು. ಬ್ಯಾಂಕು ತೆರೆಯುವ ಮೊದಲು ಹಾಜಿ ಸಾಹೇಬರು ಜನರಿಗೆ ಒಂದು ಮನವಿ ಮಾಡಿಕೊಂಡಿದ್ದರು. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದವರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವುದು, ಎಲ್ಲರೂ ಸಹಕರಿಸಿ ಬಾಳುವುದನ್ನು ಕಲಿಸುವುದು ಇದರ ಗುರಿ, ಅಪ್ಪಟ ಸ್ವದೇಶಿ ಎಂದರೆ ಇದೇ, ದೇಶವನ್ನು ಪ್ರೀತಿಸುವವರೆಲ್ಲ ಮುಂದೆ ಬನ್ನಿ ಎಂಬುದು ಅದರ ಸಾರ.

ಬಂಗಾಳದ ವಿಭಜನೆಯ ವಿರುದ್ಧ ಸ್ವದೇಶಿ ಚಳವಳಿ ಹೊತ್ತಿ ಉರಿಯುತ್ತಿದ್ದ ಕಾಲ ಅದು. ಅದೇ 1906ರ ಡಿಸೆಂಬರಿನಲ್ಲಿ ಢಾಕಾದಲ್ಲಿ ನವಾಬರು ಸೇರಿ ಮುಸ್ಲಿಂ ಲೀಗ್ ಕಟ್ಟಿದರು. ಮುಸ್ಲಿಮರ ಹಿತವನ್ನು ಬೇರೆಯಾಗಿ ಕಾಯಬೇಕು ಎಂಬ ದಾರಿ ಢಾಕಾದ್ದು. ಎಲ್ಲರ ಹಿತದಲ್ಲಿ ನನ್ನ ಹಿತವೂ ಇದೆ ಎಂಬ ದಾರಿ ಉಡುಪಿಯ ಹಾಜಿಯದು. ಹಜ್ ಮಾಡಿ ಬಂದ ಆ ಮನುಷ್ಯ ತನ್ನ ದೀನನ್ನು ಒಂದು ಎಳೆಯಷ್ಟೂ ಬಿಡಲಿಲ್ಲ. ಶ್ರೀಕೃಷ್ಣ ಮಠದ ದೀಪೋತ್ಸವಕ್ಕೆ ಅವರು ಎಣ್ಣೆ ಕೊಟ್ಟರೆಂಬ ಮಾತು ಉಡುಪಿಯ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ನಗರದ ನಡುವಿನ ಸರ್ಕಾರಿ ತಾಯಿ ಮತ್ತು ಮಕ್ಕಳ ಆಸ್ಪತ್ರೆಯ ಹೆಸರಿನಲ್ಲಿ ಅವರೂ ಇದ್ದಾರೆ. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು, ಫಲಕಗಳು ಬದಲಾದವು. ಮೊದಲು ಭಾರತೀಯನೋ ಮುಸ್ಲಿಮನೋ ಎಂಬ ಪ್ರಶ್ನೆಗೆ ಅವರು ಒಂದು ಸಂಸ್ಥೆ ಕಟ್ಟಿ ಉತ್ತರ ಕೊಟ್ಟಿದ್ದರು. ಉಡುಪಿಯ ಮಕ್ಕಳಿಗೆ ಅದನ್ನು ಪಾಠದಲ್ಲಿ ಹೇಳಿಕೊಡಬೇಕಿತ್ತು.

ಹಾಜಿ ಸಾಹೇಬರ ದಾರಿಯನ್ನು ಒಂದು ಇಡೀ ದೇಶವೇ ಹಿಡಿದ ಉದಾಹರಣೆಯೂ ಪಾಡಂಗ್ ಇರುವ ಅದೇ ಇಂಡೊನೇಷ್ಯಾದಲ್ಲಿದೆ. 1945ರ ಜೂನ್‌ನಲ್ಲಿ ಆ ದೇಶದ ನಾಯಕರು ಸಂವಿಧಾನಕ್ಕೊಂದು ಮುನ್ನುಡಿ ಸಿದ್ಧಪಡಿಸಿದ್ದರು. ಮುಸ್ಲಿಮರು ಷರೀಅತ್ ಪಾಲಿಸಲು ಬದ್ಧರು ಎಂಬ ಸಾಲು ಅದರಲ್ಲಿತ್ತು. ಆಗಸ್ಟ್ 17ರಂದು ಸ್ವಾತಂತ್ರ್ಯ ಘೋಷಣೆಯಾಯಿತು. ಆ ಸಾಲು ಉಳಿದರೆ ಪೂರ್ವ ದ್ವೀಪಗಳ ಕ್ರೈಸ್ತರು ನಮ್ಮ ಜೊತೆ ಇರಲಾರರು ಎಂಬ ಮಾತು ಆ ನಾಯಕರಲ್ಲೊಬ್ಬರಾದ ಮೊಹಮ್ಮದ್ ಹತ್ತಾ ಅವರ ಕಿವಿಗೆ ಬಿತ್ತು. ಮರುದಿನ ಬೆಳಿಗ್ಗೆ ಅವರು ಮುಸ್ಲಿಂ ನಾಯಕರನ್ನು ಕೂರಿಸಿಕೊಂಡು ಮಾತನಾಡಿದರು. ಆಗಸ್ಟ್ 18ರಂದು ಆ ಸಾಲು ಹೋಯಿತು. ಅಷ್ಟು ದೊಡ್ಡ ಬಹುಮತ ಇದ್ದವರು ತಮ್ಮ ಧರ್ಮದ ಹೆಸರನ್ನು ರಾಜ್ಯದ ಹಣೆಯ ಮೇಲೆ ಬರೆಯುವ ಹಕ್ಕನ್ನು ತಾವಾಗಿ ಬಿಟ್ಟುಕೊಟ್ಟರು. ಸುಕರ್ಣೊ ಮುಂದಿಟ್ಟ ಪಂಚಶೀಲ ಅಲ್ಲಿ ರಾಷ್ಟ್ರದ ಆಧಾರವಾಯಿತು. ಲಾಂಛನದಲ್ಲಿ ಗರುಡ ಕೂತಿದ್ದಾನೆ.

ಇದು ದೂರದ ಕಥೆಯಲ್ಲ. ನಾವು ಬ್ಯಾರಿಗಳು ಇಸ್ಲಾಮಿನ ಷಾಫಿ ಪಂಥದವರು. ಇಂಡೊನೇಷ್ಯಾದ ಮುಸ್ಲಿಮರಲ್ಲೂ ಬಹುಪಾಲು ಷಾಫಿಗಳು. ಪೊನ್ನಾನಿಯ ಝೈನುದ್ದೀನ್ ಮಖ್ದೂಮರು 16ನೇ ಶತಮಾನದಲ್ಲಿ ಬರೆದ ಫತ್‌ಹುಲ್ ಮುಈನ್ ಎಂಬ ಕಿತಾಬನ್ನು ನಮ್ಮ ದರ್ಸ್‌ಗಳಲ್ಲೂ ಓದುತ್ತಾರೆ, ಜಾವಾದ ಮದ್ರಸಗಳಲ್ಲೂ ಓದುತ್ತಾರೆ. ಅದೇ ಕಿತಾಬು ಓದಿದ ಉಲೆಮಾಗಳ ಸಂಘಟನೆ ನಹ್ದತುಲ್ ಉಲಮಾ 1926ರಲ್ಲಿ ಹುಟ್ಟಿತು. 2019ರಲ್ಲಿ ಪಶ್ಚಿಮ ಜಾವಾದ ಬಂಜಾರ್‌ನಲ್ಲಿ ಸಭೆ ಸೇರಿದ ಅದರ ಉಲೆಮಾಗಳು, ರಾಷ್ಟ್ರದೊಳಗಿನ ಮುಸ್ಲಿಮೇತರರನ್ನು ಕಾಫಿರರೆಂದು ಕರೆಯಬಾರದು, ಅವರು ಸಮಾನ ನಾಗರಿಕರು ಎಂದು ತೀರ್ಮಾನಿಸಿದರು. ನಮ್ಮ ಪಳ್ಳಿಗಳ ಉಸ್ತಾದರಿಗೆ ಈ ತೀರ್ಮಾನ ತಲುಪಬೇಕು. ಇಸ್ಲಾಮಿನ ಒಳಗಿನಿಂದಲೇ ಬಂದ ಮಾತು ಇದು, ಯಾರೋ ಹೊರಗಿನವರು ಹೇರಿದ್ದಲ್ಲ.

ಹಾಗೆಂದು ಇಂಡೊನೇಷ್ಯಾವನ್ನು ಹೊತ್ತು ಮೆರೆಸುವ ಅಗತ್ಯ ಇಲ್ಲ. ಜಕಾರ್ತದ ಕ್ರೈಸ್ತ ಗವರ್ನರ್ ಅಹೊಕ್ 2017ರಲ್ಲಿ ಧರ್ಮನಿಂದನೆಯ ಆರೋಪದಲ್ಲಿ ಜೈಲಿಗೆ ಹೋದರು. ಆಚೆ ಎಂಬ ಹೆಸರಿನ ಪ್ರಾಂತ್ಯದಲ್ಲಿ ಛಡಿಯೇಟಿನ ಶಿಕ್ಷೆ ಇದೆ. ಪಾಡಂಗ್ ಪ್ರಕರಣದ ನಂತರ 2021ರ ಫೆಬ್ರವರಿಯಲ್ಲಿ ಮೂವರು ಸಚಿವರು ಜಂಟಿ ಆದೇಶ ಹೊರಡಿಸಿ, ಸರ್ಕಾರಿ ಶಾಲೆಗಳು ಧಾರ್ಮಿಕ ಉಡುಪನ್ನು ಕಡ್ಡಾಯ ಮಾಡುವಂತೆಯೂ ಇಲ್ಲ, ನಿಷೇಧಿಸುವಂತೆಯೂ ಇಲ್ಲ ಎಂದರು. ನನ್ನ ಮಟ್ಟಿಗೆ ಈ ಬಗ್ಗೆ ಯಾವ ಸರ್ಕಾರವೂ ಹೇಳಬಹುದಾದ ಅತ್ಯಂತ ಸರಿಯಾದ ಮಾತು ಅದು. ಆದರೆ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. 1945ರಲ್ಲಿ ಬಿಟ್ಟುಕೊಟ್ಟದ್ದನ್ನು ಹಿಂದಕ್ಕೆ ಕೇಳುವ ಶಕ್ತಿಗಳು ಅಲ್ಲಿಯೂ ಬೆಳೆದಿವೆ.

ಬಾಂಗ್ಲಾದೇಶ ಇದನ್ನು ಇನ್ನೂ ಕಹಿಯಾಗಿ ತೋರಿಸುತ್ತದೆ. 1952ರಲ್ಲಿ ತಾಯ್ನುಡಿಗಾಗಿ ಗುಂಡಿಗೆ ಎದೆಯೊಡ್ಡಿದ ಜನ ಅವರು. ಧರ್ಮ ಒಂದೇ ಆದರೂ ದೇಶ ಒಂದಾಗಿ ಉಳಿಯುವುದಿಲ್ಲ ಎಂದು 1971ರಲ್ಲಿ ಜಗತ್ತಿಗೇ ತೋರಿಸಿದರು. 1972ರ ಅವರ ಸಂವಿಧಾನದಲ್ಲಿ ಧರ್ಮನಿರಪೇಕ್ಷತೆ ಮೂಲತತ್ವವಾಗಿತ್ತು. 1977ರಲ್ಲಿ ಅದನ್ನು ತೆಗೆದರು. 1988ರಲ್ಲಿ ಇಸ್ಲಾಂ ರಾಜ್ಯಧರ್ಮವಾಯಿತು. 2011ರಲ್ಲಿ ಧರ್ಮನಿರಪೇಕ್ಷತೆ ಮರಳಿತು, ರಾಜ್ಯಧರ್ಮವೂ ಉಳಿಯಿತು. 2024ರ ಆಗಸ್ಟಿನಲ್ಲಿ ಸರ್ಕಾರ ಉರುಳಿದಾಗ ಹಿಂದೂಗಳ ಮನೆ, ಅಂಗಡಿ, ದೇವಸ್ಥಾನಗಳ ಮೇಲೆ ದಾಳಿಗಳಾದವು. 2025ರ ಜನವರಿಯಲ್ಲಿ ಅಲ್ಲಿನ ಸಂವಿಧಾನ ಸುಧಾರಣಾ ಆಯೋಗ ಧರ್ಮನಿರಪೇಕ್ಷತೆಯನ್ನು ಮತ್ತೆ ಕೈಬಿಡಲು ಶಿಫಾರಸು ಮಾಡಿತು. ಅಲ್ಲಿನ ಹಿಂದೂ ಅಂಗಡಿಯವನಿಗೆ ತನ್ನ ಊರಿನಲ್ಲೇ ರಾತ್ರಿ ನಿದ್ದೆ ಬರದಿದ್ದರೆ ಇಲ್ಲಿ ಕೂತ ನನಗೂ ಆ ನೋವು ತಟ್ಟಬೇಕು. ತಟ್ಟದಿದ್ದರೆ ನಾನು ಇಲ್ಲಿ ಕೇಳುವ ಸಮಾನತೆಗೆ ಬೆಲೆ ಇಲ್ಲ.

ತುರ್ಕಿ ತಪ್ಪಿದ್ದು ಇನ್ನೊಂದು ಬದಿಯಿಂದ. ಅತಾತುರ್ಕ್ 1924ರಲ್ಲಿ ಖಿಲಾಫತ್ತನ್ನು ರದ್ದು ಮಾಡಿದರು, 1928ರಲ್ಲಿ ಸಂವಿಧಾನದಿಂದ ರಾಜ್ಯಧರ್ಮವನ್ನು ತೆಗೆದರು. ಅಷ್ಟು ಸರಿ. ಆದರೆ ನಂತರದ ಕಾಲದಲ್ಲಿ ಅಲ್ಲಿನ ಧರ್ಮನಿರಪೇಕ್ಷತೆ ಹೆಣ್ಣುಮಕ್ಕಳ ತಲೆಗೆ ಕೈ ಹಾಕಿತು. ತಲೆವಸ್ತ್ರ ಹಾಕಿದವರಿಗೆ ವಿಶ್ವವಿದ್ಯಾಲಯದ ಗೇಟು ಮುಚ್ಚಿತು. 1999ರಲ್ಲಿ ಜನರಿಂದ ಆಯ್ಕೆಯಾದ ಮೆರ್ವೆ ಕವಾಕ್ಚಿ ತಲೆವಸ್ತ್ರ ಹಾಕಿ ಸಂಸತ್ತಿಗೆ ಬಂದಾಗ ಗದ್ದಲವೆಬ್ಬಿಸಿ ಪ್ರಮಾಣವಚನಕ್ಕೇ ಬಿಡಲಿಲ್ಲ. ಆ ಅವಮಾನವನ್ನೆಲ್ಲ ಮತವಾಗಿಸಿಕೊಂಡವರು ಎರ್ದೊಗನ್. 2013ರಲ್ಲಿ ಸರ್ಕಾರಿ ಕಚೇರಿಗಳಲ್ಲೂ ನಿಷೇಧ ತೆರವಾಯಿತು. 2020ರಲ್ಲಿ ಹಾಗಿಯಾ ಸೋಫಿಯಾ ವಸ್ತುಸಂಗ್ರಹಾಲಯ ಮತ್ತೆ ಮಸೀದಿಯಾಯಿತು. ಪಕ್ಕದ ಇರಾನಿನಲ್ಲಿ ವಸ್ತ್ರ ಸರಿಯಾಗಿ ಹಾಕಿಲ್ಲವೆಂದು ಹಿಡಿದೊಯ್ದ ಮಹ್ಸಾ ಅಮೀನಿ 2022ರ ಸೆಪ್ಟೆಂಬರಿನಲ್ಲಿ ಪೊಲೀಸರ ವಶದಲ್ಲಿದ್ದಾಗಲೇ ಕುಸಿದು ಪ್ರಾಣ ಕಳೆದುಕೊಂಡಳು. ಉಡುಪಿಯ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆಯಲ್ಲಿದ್ದ ತಿಂಗಳೇ ಅದು. ಹಾಕು ಎನ್ನುವ ಕೈಯೂ ತೆಗೆ ಎನ್ನುವ ಕೈಯೂ ಅಧಿಕಾರದ್ದೇ.

ಈ ಎರಡೂ ಕೈಗಳು ಸುಮ್ಮನಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮಣಿಪಾಲದಲ್ಲೇ ಸಾಕ್ಷಿ ಇದೆ. 1997ರಲ್ಲಿ ಮೆಲಾಕಾ ಮಣಿಪಾಲ್ ವೈದ್ಯಕೀಯ ಕಾಲೇಜು ಶುರುವಾದಂದಿನಿಂದ ಮಲೇಷ್ಯಾದ ವಿದ್ಯಾರ್ಥಿಗಳು ತಂಡತಂಡವಾಗಿ ಇಲ್ಲಿಗೆ ಬಂದು ಓದಿದರು. ಮಲಯ್ ಹುಡುಗಿಯರು ತಲೆವಸ್ತ್ರ ಹಾಕಿಕೊಂಡು ಟೈಗರ್ ಸರ್ಕಲ್ಲಿನ ಸುತ್ತ ಓಡಾಡಿದರು, ಚೀನಿ ಮತ್ತು ತಮಿಳು ಮೂಲದ ಅವರ ಸಹಪಾಠಿಗಳು ಹಾಕದೆ ಓಡಾಡಿದರು. ಮಣಿಪಾಲದ ಶಿಸ್ತಿಗೂ ವೈದ್ಯಶಾಸ್ತ್ರಕ್ಕೂ ಏನೂ ಆಗಲಿಲ್ಲ. ಅದೇ ಮಣಿಪಾಲದಿಂದ ಗುಡ್ಡ ಇಳಿದರೆ ಕೆಲವೇ ಕಿಲೋಮೀಟರಿನಲ್ಲಿ ಉಡುಪಿಯ ಸರ್ಕಾರಿ ಕಾಲೇಜು. ಹೊರದೇಶದ ಹುಡುಗಿಗೆ ಸಿಕ್ಕ ಜಾಗ ಈ ಊರಿನ ಮೀನುಗಾರನ, ಆಟೊ ಚಾಲಕನ ಮಗಳಿಗೆ ಸಿಗಲಿಲ್ಲ.

ಅದೇ ಮಲೇಷ್ಯಾದ ಸಂವಿಧಾನದ 160ನೇ ವಿಧಿಯನ್ನೂ ನಾವು ನೋಡಬೇಕು. ಮಲಯ್ ಎನ್ನಿಸಿಕೊಳ್ಳಲು ಇಸ್ಲಾಂ ಧರ್ಮ ಪಾಲಿಸಬೇಕು, ಮಲಯ್ ಭಾಷೆ ಆಡಬೇಕು, ಮಲಯ್ ಪದ್ಧತಿ ಅನುಸರಿಸಬೇಕು ಎನ್ನುತ್ತದೆ ಅದು. ಧರ್ಮ, ಭಾಷೆ, ಕುಲ ಮೂರನ್ನೂ ಒಂದೇ ಗಂಟು ಹಾಕಿದ್ದರಿಂದ ಅಲ್ಲಿಯೇ ಹುಟ್ಟಿ ಬೆಳೆದ ತಮಿಳರು, ಚೀನಿಯರು ತಲೆಮಾರು ಕಳೆದರೂ ಪಕ್ಕದ ಸಾಲಿನವರಾಗಿ ಉಳಿದರು. ಹಿಂದೂ ಆದವನು ಮಾತ್ರ ನಿಜವಾದ ಭಾರತೀಯ ಎಂದು ನಮ್ಮಲ್ಲಿ ಭಾಷಣ ಮಾಡುವವರು ಕೇಳುತ್ತಿರುವುದು ಮಲೇಷ್ಯಾದ ಈ ಗಂಟನ್ನೇ.

ಬಹುಸಂಖ್ಯಾತರ ದೇಶವನ್ನು ಅಲ್ಪಸಂಖ್ಯಾತ ಮುನ್ನಡೆಸಬಲ್ಲನೇ ಎಂಬ ಪ್ರಶ್ನೆಗೆ ಪಶ್ಚಿಮ ಆಫ್ರಿಕಾದ ಸೆನೆಗಲ್ ಉತ್ತರ ಕೊಟ್ಟಿದೆ. ಸುಮಾರು ಶೇ 95 ಮುಸ್ಲಿಮರಿರುವ ಆ ದೇಶ 1960ರಲ್ಲಿ ತನ್ನ ಮೊದಲ ಅಧ್ಯಕ್ಷನನ್ನಾಗಿ ಆರಿಸಿದ್ದು ಕ್ಯಾಥೊಲಿಕ್ ಕವಿ ಲಿಯೊಪೋಲ್ಡ್ ಸೆಂಘೋರ್ ಅವರನ್ನು. 1980ರವರೆಗೂ ಅವರೇ ಇದ್ದರು. ಕಾರ್ಕಳದವರಿಗೆ ಇದು ತೀರಾ ಹೊಸದಾಗಿ ಕೇಳಿಸಬಾರದು. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ, 1586ರಲ್ಲಿ ಚತುರ್ಮುಖ ಬಸದಿ ಕಟ್ಟಿಸಿದ ಇಮ್ಮಡಿ ಭೈರವ ಇಬ್ಬರೂ ಜೈನರು. ಪ್ರಜೆಗಳಲ್ಲಿ ಬಹುಪಾಲು ಜೈನರಲ್ಲ. ಅರಸೊತ್ತಿಗೆ ಬೇರೆ, ಪ್ರಜಾಪ್ರಭುತ್ವ ಬೇರೆ ಎಂಬುದು ನನಗೆ ಗೊತ್ತು. ಆದರೂ ಆಳುವವನ ಧರ್ಮ ಊರಿನ ಧರ್ಮ ಆಗಬೇಕಿಲ್ಲ ಎಂಬ ತಿಳಿವಳಿಕೆ ಈ ನೆಲಕ್ಕೆ ಹಳೆಯದು. ಜನವರಿಯಲ್ಲಿ ಅತ್ತೂರಿನ ಚರ್ಚಿನ ಸಾಂತಮಾರಿ ಜಾತ್ರೆಗೆ ಹೋಗುವ ಜನರಲ್ಲಿ ಯಾರು ಕ್ರೈಸ್ತರು, ಯಾರು ಅಲ್ಲ ಎಂದು ಕಾರ್ಕಳದಲ್ಲಿ ಯಾರೂ ವಿಚಾರಿಸುವುದಿಲ್ಲ.

ಇಷ್ಟೆಲ್ಲ ಇದ್ದ ಕರಾವಳಿಯಲ್ಲೇ 2022ರ ಮಾರ್ಚ್‌ನಲ್ಲಿ ಕಾಪುವಿನ ಸುಗ್ಗಿ ಮಾರಿಪೂಜೆಗೆ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಲ್ಲ ಎಂದಾಯಿತು. ಹೈಕೋರ್ಟ್ ತೀರ್ಪನ್ನು ವಿರೋಧಿಸಿ ಮಾರ್ಚ್ 17ರಂದು ಮುಸ್ಲಿಮರು ಅಂಗಡಿ ಮುಚ್ಚಿದ್ದಕ್ಕೆ ಇದು ಉತ್ತರ ಎಂದರು. ತೀರ್ಪನ್ನು ಒಪ್ಪದಿರುವುದು ದೇಶವನ್ನು ಒಪ್ಪದಿರುವುದಲ್ಲ. ಒಂದು ದಿನ ಬಾಗಿಲು ಹಾಕಿ ಅಸಮ್ಮತಿ ಹೇಳುವುದು ನಾಗರಿಕನ ಹಕ್ಕು. ಅಂಗಡಿ ನಿರಾಕರಿಸಲು ಧಾರ್ಮಿಕ ದತ್ತಿ ಕಾಯ್ದೆಯಡಿ 2002ರಲ್ಲಿ ಬಂದ ನಿಯಮವನ್ನೂ ಮುಂದಿಟ್ಟರು. ಆ ನಿಯಮ ಬಂದ ಮೇಲೂ ಕರಾವಳಿಯ ಜಾತ್ರೆಗಳಲ್ಲಿ ನಮ್ಮವರ ಅಂಗಡಿಗಳು ಇದ್ದೇ ಇದ್ದವು. ಕಾಪುವಿನ ಮಾರಿಯಮ್ಮನ ಸನ್ನಿಧಿಯಲ್ಲಿ ಮುಸ್ಲಿಂ ಕುಟುಂಬವೊಂದು ತಲೆಮಾರುಗಳಿಂದ ನಾಗಸ್ವರ ನುಡಿಸಿಕೊಂಡು ಬಂದಿದೆ. ಮುಲ್ಕಿಯ ಬಪ್ಪನಾಡು ದೇವಸ್ಥಾನದ ಕಥೆ ಬಪ್ಪ ಬ್ಯಾರಿಯನ್ನು ಬಿಟ್ಟು ಶುರುವಾಗುವುದೇ ಇಲ್ಲ. ನಮ್ಮ ಮೊಗವೀರರು ಕಡಲಿಗೆ ಇಳಿಯುವ ಮೊದಲು ನೆನೆಯುವ ಬೊಬ್ಬರ್ಯ, ಪಾಡ್ದನದ ಪ್ರಕಾರ, ಮುಸ್ಲಿಂ ತಂದೆಯ ಮಗ. ದೈವಕ್ಕೆ ಇಲ್ಲದ ಅಡ್ಡಿ ಬಳೆ ಮಾರುವವನಿಗೆ ಯಾಕೆ?

ಹೀಗೆ ಹೊರಗಿಡುವ ಮನಸ್ಸಿಗೆ ಎದುರಾಗಿ ನಿಂತ ಹಿಂದೂ ಹಿರಿಯರೊಬ್ಬರ ಹೆಸರನ್ನೂ ನಾನು ಕೃತಜ್ಞತೆಯಿಂದ ಹೇಳುತ್ತೇನೆ. 2017ರ ರಂಜಾನಿನಲ್ಲಿ ಪೇಜಾವರದ ವಿಶ್ವೇಶತೀರ್ಥ ಸ್ವಾಮೀಜಿ ಶ್ರೀಕೃಷ್ಣ ಮಠದಲ್ಲಿ ನಮ್ಮವರಿಗೆ ಇಫ್ತಾರ್ ಏರ್ಪಡಿಸಿದರು. ವಿರೋಧ ಬಂದಾಗ ಹಿಂದೆ ಸರಿಯಲಿಲ್ಲ. ಅವರ ರಾಜಕೀಯ ನಿಲುವುಗಳನ್ನು ನಾನು ಒಪ್ಪಿದವನಲ್ಲ, ಆ ಧೈರ್ಯಕ್ಕೆ ಮಾತ್ರ ತಲೆಬಾಗುತ್ತೇನೆ. 2025ರ ಸೆಪ್ಟೆಂಬರಿನಲ್ಲಿ ಲೇಖಕಿ ಬಾನು ಮುಷ್ತಾಕ್ ಮೈಸೂರು ದಸರಾ ಉದ್ಘಾಟಿಸಬಾರದೆಂದು ಕೋರ್ಟಿಗೆ ಹೋದವರ ಅರ್ಜಿಯನ್ನು ಸುಪ್ರೀಂ ಕೋರ್ಟ್ ಸಂವಿಧಾನದ ಪೀಠಿಕೆಯನ್ನು ನೆನಪಿಸಿ ವಜಾ ಮಾಡಿತು. ಅದೇ ದಸರಾವನ್ನು 2017ರಲ್ಲಿ ಕವಿ ನಿಸಾರ್ ಅಹಮದ್ ಉದ್ಘಾಟಿಸಿದ್ದರು. ಕನ್ನಡದಲ್ಲಿ ಬರೆದ ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ನಮ್ಮ ಪಕ್ಕದೂರಿನ ಫಕೀರ್ ಮುಹಮ್ಮದ್ ಕಟ್ಪಾಡಿ ಕನ್ನಡದ ಒಳಗಿನವರೋ ಹೊರಗಿನವರೋ ಎಂದು ಓದುಗ ಯಾವತ್ತೂ ಕೇಳಲಿಲ್ಲ.

ಉಡುಪಿಯ ಹಿಂದೂ ಬಂಧುಗಳಲ್ಲಿ ನನ್ನ ಕೋರಿಕೆ ಇದು. 1945ರಲ್ಲಿ ಹತ್ತಾ ಮತ್ತು ಅವರ ಜೊತೆಗಾರರು ಬಿಟ್ಟುಕೊಟ್ಟದ್ದನ್ನೇ ನಮ್ಮ ಸಂವಿಧಾನ ಸಭೆಯ ಹಿರಿಯರೂ ಬಿಟ್ಟುಕೊಟ್ಟರು. ಬಹುಮತವಿದ್ದೂ ದೇಶಕ್ಕೆ ತಮ್ಮ ಧರ್ಮದ ಹೆಸರಿಡಲಿಲ್ಲ. ಅದು ಈ ದೇಶದ ಬಹುಸಂಖ್ಯಾತರು ಮಾಡಿದ ಅತಿ ದೊಡ್ಡ ಕೆಲಸ, ಅದನ್ನು ದೌರ್ಬಲ್ಯವೆಂದು ನಿಮಗೆ ಹೇಳಿಕೊಡುವವರನ್ನು ನಂಬಬೇಡಿ. ಮುಂದಿನ ಜಾತ್ರೆಯ ಹರಾಜಿನಲ್ಲಿ ಊರಿನ ಎಲ್ಲ ವ್ಯಾಪಾರಿಗಳನ್ನೂ ಕೂಗಿ. ಕಾಲೇಜಿನ ಆಡಳಿತ ಸಮಿತಿಗಳಲ್ಲಿ ಕೂತವರು ಹುಡುಗಿಯ ಹಾಜರಾತಿಯನ್ನು ಮೊದಲು ನೋಡಿ, ತಲೆಯನ್ನು ಆಮೇಲೂ ನೋಡಬೇಡಿ.

ನನ್ನ ಜಮಾತಿನವರಲ್ಲಿ ಕೋರಿಕೆ ಇನ್ನೂ ಗಟ್ಟಿಯಾದದ್ದು. ಇಲ್ಲಿ ಧರ್ಮನಿರಪೇಕ್ಷತೆ ಬೇಕು, ಅಲ್ಲಿ ನಮ್ಮವರು ಹೆಚ್ಚಿರುವಲ್ಲಿ ಬೇಡ ಎಂಬ ನಿಲುವು ನ್ಯಾಯವಲ್ಲ. ಬಾಂಗ್ಲಾದೇಶದಲ್ಲಿ ಹಿಂದೂವಿನ ಮನೆಗೆ ಬೆಂಕಿ ಬಿದ್ದರೆ ಮುಂದಿನ ಜುಮಾದ ದಿನ ನಮ್ಮ ಪಳ್ಳಿಯಲ್ಲಿ ಬ್ಯಾರಿಯಲ್ಲೇ ಅದನ್ನು ಖಂಡಿಸಿ ಮಾತನಾಡಬೇಕು. ತಲೆವಸ್ತ್ರ ಹಾಕದ ನಮ್ಮದೇ ಹೆಣ್ಣುಮಕ್ಕಳನ್ನು ಮೂದಲಿಸುವುದು ನಿಲ್ಲಬೇಕು. ಕಾಲೇಜು ಬಿಟ್ಟು ಮನೆಯಲ್ಲಿ ಕೂತ ಹುಡುಗಿಯರನ್ನು, ಹಾಕಿಯಾದರೂ ಸರಿ ಬಿಟ್ಟಾದರೂ ಸರಿ, ಅವರ ಇಷ್ಟದಂತೆ ಮತ್ತೆ ಓದಿಸಬೇಕು. ಹಾಜಿ ಅಬ್ದುಲ್ಲಾ ಸಾಹೇಬರ ಊರಿನ ಮುಸ್ಲಿಮರಿಗೆ ಇದಕ್ಕಿಂತ ಕಡಿಮೆ ಒಪ್ಪುವುದಿಲ್ಲ.

ಪಾಡಂಗ್‌ನ ಹುಡುಗಿಯ ಪರ ನಿಲ್ಲಲಾರದವರಿಗೆ ಉಡುಪಿಯ ಹುಡುಗಿಯ ಪರ ಮಾತನಾಡುವ ಅಧಿಕಾರ ಇಲ್ಲ. ಉಡುಪಿಯ ಹುಡುಗಿಯ ಪರ ನಿಲ್ಲಲಾರದವರಿಗೆ ಪಾಡಂಗ್‌ನ ಹುಡುಗಿಗಾಗಿ ಮರುಗುವ ಅಧಿಕಾರವೂ ಇಲ್ಲ. ಇಬ್ಬರ ಪರವೂ ನಿಲ್ಲಿ.